ಹುಲಿಯ ಬಾಯಿಂದ ಪುಣ್ಯಕೋಟಿಯ ಕಥೆ

ಕನ್ನಡ ಮನೆಮಾತಾಗಿರುವ ಕುಟುಂಬಗಳಲ್ಲಿ ಪುಣ್ಯಕೋಟಿಯ ಕಥೆಯನ್ನು ಅರಿಯದ ಮಕ್ಕಳು ವಿರಳ. ಅಜ್ಜಿಯ ಬಾಯಿಂದಲೋ, ಅಕ್ಕನ ಪಠ್ಯಪುಸ್ತಕದಿಂದಲೋ, ಶಾಲೆಯ ವಾರ್ಷಿಕೋತ್ಸವದ ರೂಪಕದಿಂದಲೋ ಅದು ಅವರನ್ನು ತಲುಪಿಯೇ ಇರುತ್ತದೆ. ಕರ್ತೃವಿನ ಹೆಸರು ತಿಳಿಯದ ಈ ಜನಪದ ಕಥನಗೀತೆ ‘ಗೋವಿನ ಹಾಡು’ ಎಂಬ ಹೆಸರಿನಿಂದ ಹಲವು ತಲೆಮಾರುಗಳ ಕನ್ನಡ ಪಠ್ಯಪುಸ್ತಕಗಳಲ್ಲಿ ಸ್ಥಾನ ಪಡೆದಿದೆ. ೧೯೬೮ರಲ್ಲಿ ಎಸ್. ಎಲ್. ಭೈರಪ್ಪನವರು ತಮ್ಮ ಕಾದಂಬರಿಯೊಂದಕ್ಕೆ ಈ ಹಾಡಿನ ಮಾತನ್ನೇ ಹೆಸರಾಗಿಟ್ಟರು. ೨೦೨೦ರಲ್ಲಿ ಇದೇ ಕಥೆಯನ್ನು ಆಧರಿಸಿ ‘ಪುಣ್ಯಕೋಟಿ’ ಎಂಬ ಅನಿಮೇಷನ್ ಚಲನಚಿತ್ರವು ಸಂಸ್ಕೃತ ಭಾಷೆಯಲ್ಲಿ ಬಂದಿತು. ಕಥೆಯ ಆಯುಸ್ಸು ಗಟ್ಟಿಯಾದುದೆಂಬುದಕ್ಕೆ ಇಷ್ಟು ಸಾಕು.

ಆದರೆ ಇಷ್ಟು ಪರಿಚಿತವಾದ ಕಥೆಯನ್ನು ತರಗತಿಯಲ್ಲಿ ಎತ್ತಿಕೊಂಡಾಗ ಉಪಾಧ್ಯಾಯನಿಗೆ ಒಂದು ತೊಡಕು ಎದುರಾಗುತ್ತದೆ. ಮಕ್ಕಳು ಹಾಡನ್ನು ಒಪ್ಪಿಸುತ್ತಾರೆ, ಕಥೆಯನ್ನು ಹೇಳುವುದಿಲ್ಲ. ರಾಗವಾಗಿ ಹತ್ತು ನುಡಿ ಹಾಡಿದ ಮಗುವನ್ನು, ‘ಹುಲಿ ಹಸುವನ್ನು ಏಕೆ ಮನೆಗೆ ಬಿಟ್ಟಿತು?’ ಎಂದು ಕೇಳಿದರೆ ಅದು ಸುಮ್ಮನಾಗುತ್ತದೆ. ಇಲ್ಲವೆ ಹಾಡಿನ ಮುಂದಿನ ನುಡಿಯನ್ನೇ ಉತ್ತರವಾಗಿ ಒಪ್ಪಿಸುತ್ತದೆ. ಕಂಠಪಾಠ ಹಳೆಯ ಒಳ್ಳೆಯ ಪದ್ಧತಿ. ಅದನ್ನು ನಾವು ಹಳಿಯುವವರಲ್ಲ. ಅದರ ಮೇಲೆ ಇನ್ನೊಂದು ಮೆಟ್ಟಿಲು ಬೇಕು. ಅದಕ್ಕಾಗಿ ನಾವು ಕೈಗೊಂಡು ಫಲ ಕಂಡ ಒಂದು ಕ್ರಮವನ್ನು ಇಲ್ಲಿ ವಿವರಿಸುತ್ತೇವೆ. ಹಾಡನ್ನು ಪೂರ್ತಿಯಾಗಿ ಹಾಡಿಸಿದ ಮೇಲೆ, ಅದೇ ಕಥೆಯನ್ನು ಅರ್ಬುತನೆಂಬ ಹುಲಿಯ ಬಾಯಿಂದ ಮಕ್ಕಳ ಸ್ವಂತ ಗದ್ಯದಲ್ಲಿ ಹೇಳಿಸುವುದೇ ಆ ಕ್ರಮ.

ಗಡಿನಾಡಿನ ತರಗತಿಯ ಸ್ಥಿತಿ

ಏರ್ಕಾಡಿನಂತಹ ಊರಿನಲ್ಲಿ ಕನ್ನಡದ ಮಗುವಿನ ಸ್ಥಿತಿ ಎಂತಹುದೆಂದು ಸೇಲಂ, ಧರ್ಮಪುರಿ ಜಿಲ್ಲೆಗಳ ಉಪಾಧ್ಯಾಯ ಬಂಧುಗಳಿಗೆ ಹೇಳಬೇಕಾಗಿಲ್ಲ. ಅದಕ್ಕೆ ಮನೆಯ ಮಾತು ಕನ್ನಡ, ಬೀದಿಯ ಮಾತು ತಮಿಳು, ಪರೀಕ್ಷೆಯ ಮಾತು ಬಹುಮಟ್ಟಿಗೆ ಇಂಗ್ಲಿಷ್. ತಮಿಳುನಾಡಿನಲ್ಲಿ ೨೦೦೬ರ ತಮಿಳು ಕಲಿಕೆಯ ಕಾಯಿದೆ ಬಂದ ಮೇಲೆ ಒಂದನೆಯ ತರಗತಿಯಿಂದ ಮೊದಲ್ಗೊಂಡು ಹಂತಹಂತವಾಗಿ ತಮಿಳು ಕಡ್ಡಾಯವಾಯಿತು. ತಾನಿರುವ ನಾಡಿನ ಭಾಷೆಯನ್ನು ಮಗು ಚೆನ್ನಾಗಿ ಕಲಿಯಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಕನ್ನಡಕ್ಕೆ ದೊರೆಯುವ ಹೊತ್ತು ಕಿರಿದಾದಷ್ಟೂ ಆ ಹೊತ್ತಿನ ಬೆಲೆ ಹಿರಿದಾಗುತ್ತದೆ. ವಾರದ ಕೆಲವೇ ಗಂಟೆಗಳಲ್ಲಿ ಮಗು ಅನ್ಯರ ಕನ್ನಡವನ್ನು ಒಪ್ಪಿಸಿ ಎದ್ದುಹೋದರೆ, ಅದರ ಸ್ವಂತ ಕನ್ನಡ ಬೆಳೆಯುವುದಾದರೂ ಎಂದು? ಅಡಿಗೆಮನೆಯಲ್ಲಿ ಬಳಸುವ ನಾಲ್ಕು ಮಾತುಗಳಾಚೆಗೆ ಅದು ದಾಟುವುದೇ ಇಲ್ಲ. ಹೀಗೆ ಕಿರಿದಾದ ಕನ್ನಡವು ಮುಂದಿನ ತಲೆಮಾರಿಗೆ ದಾಟಲಾರದು.

ಮಗುವಿಗೆ ಸ್ವಂತ ವಾಕ್ಯ ಕಟ್ಟುವ ಅಗತ್ಯವೇ ಬೀಳುವಂತೆ ಮಾಡುವುದು ಉಪಾಧ್ಯಾಯನ ಕೆಲಸ. ಹುಲಿಯ ಬಾಯಿಂದ ಕಥೆ ಹೇಳು ಎಂದೊಡನೆ ಕಂಠಪಾಠದ ಊರುಗೋಲು ಕೈತಪ್ಪುತ್ತದೆ. ಹಾಡಿನಲ್ಲಿ ಹುಲಿ ಕಂಡುದು, ಕೇಳಿದುದು, ಕಾದುದು ವಿಸ್ತಾರವಾಗಿ ಇಲ್ಲ. ಅದನ್ನು ಮಗುವೇ ಹುಡುಕಬೇಕು, ಮಗುವೇ ಮಾತಿಗೆ ತರಬೇಕು.

ಹಾಡಿನಲ್ಲಿ ಹುಲಿಯ ಪಾಲು

ಮೊದಲು ಹಾಡಿನಲ್ಲಿ ಇರುವುದನ್ನು ತಪ್ಪಿಲ್ಲದೆ ಎಣಿಸಿಕೊಳ್ಳೋಣ. ಕಾಳಿಂಗನೆಂಬ ಗೊಲ್ಲನ ಹಸುಗಳು ಬೆಟ್ಟದ ತಪ್ಪಲಿಗೆ ಮೇಯಲು ಬರುತ್ತವೆ. ಬೆಟ್ಟದ ಗವಿಯಲ್ಲಿ ಅರ್ಬುತನೆಂಬ ಹುಲಿ ಹಸಿದು ಬಿದ್ದಿದೆ. ಅದು ಗರ್ಜಿಸಿ ಎರಗಿದಾಗ ಮಂದೆ ಚದುರುತ್ತದೆ. ಕರುವನ್ನು ನೆನೆದು ದೊಡ್ಡಿಯ ಕಡೆಗೆ ಬರುತ್ತಿದ್ದ ಪುಣ್ಯಕೋಟಿಯನ್ನು ಹುಲಿ ಅಡ್ಡಗಟ್ಟುತ್ತದೆ. ಕಂದನಿಗೆ ಮೊಲೆಯೂಡಿಸಿ ಮರಳಿ ಬರುವೆನೆಂದು ಹಸು ಬೇಡುತ್ತದೆ. ಹಸಿದಾಗ ದೊರೆತುದನ್ನು ಬಿಟ್ಟರೆ ಅದು ಮತ್ತೆ ಬರುವುದುಂಟೆ ಎಂದು ಹುಲಿ ಸಂಶಯಪಡುತ್ತದೆ. ಹಸು ಆಣೆಯಿಟ್ಟು ಹೇಳಿದ ಮೇಲೆ ಹೋಗಗೊಡುತ್ತದೆ. ಹಸು ಮನೆಗೆ ಹೋಗಿ ಕರುವಿಗೆ ಹಾಲೂಡಿ, ಅದನ್ನು ಒಡನಾಡಿ ಹಸುಗಳಿಗೆ ಒಪ್ಪಿಸಿ, ಗವಿಯ ಬಾಗಿಲಿಗೆ ಬಂದು ನಿಲ್ಲುತ್ತದೆ. ಹುಲಿ ಕಣ್ಣೀರಿಡುತ್ತದೆ, ಹಸುವನ್ನು ಒಡಹುಟ್ಟಿದವಳೆಂದು ಭಾವಿಸುತ್ತದೆ, ತಿನ್ನಲಾರದೆ ತಾನೇ ನೆಗೆದು ಪ್ರಾಣ ಬಿಡುತ್ತದೆ.

ಸಾಮಾನ್ಯವಾಗಿ ನಾವು ಇಲ್ಲಿ ಕಲಿಸುವ ನೀತಿ ‘ಸತ್ಯವೇ ಗೆಲ್ಲುತ್ತದೆ’ ಎಂಬುದು. ಅದು ಸರಿಯಾದ ನೀತಿಯೇ. ಆದರೆ ಹುಲಿಯ ಕಡೆ ನಿಂತು ಎಣಿಸಿದಾಗ, ಹಸುವಿನ ಕಡೆಯಿಂದ ಕಾಣದ ಒಂದು ಸಂಗತಿ ಕಾಣುತ್ತದೆ. ಪುಣ್ಯಕೋಟಿ ಮಾತನ್ನು ಉಳಿಸಿಕೊಳ್ಳುವುದಕ್ಕೆ ಮೊದಲು ಅರ್ಬುತನು ಆ ಮಾತನ್ನು ನಂಬಿದನು. ಹಸಿದ ಹೊಟ್ಟೆಯಲ್ಲಿ, ಕೈಗೆ ಸಿಕ್ಕಿದ ಆಹಾರವನ್ನು, ಕೇವಲ ಒಂದು ಮಾತಿನ ಮೇಲೆ ಬಿಟ್ಟುಕೊಟ್ಟನು. ಹುಲಿ ಅಲ್ಲಿಯೇ ಎರಗಿದ್ದರೆ ಹಸುವಿನ ಸತ್ಯಕ್ಕೆ ಪರೀಕ್ಷೆಯೇ ಇರುತ್ತಿರಲಿಲ್ಲ. ಕೊಟ್ಟ ಮಾತಿಗೆ ಕೊಟ್ಟವನೊಬ್ಬನಿದ್ದರೆ ಸಾಲದು, ಕೊಂಡವನೂ ಬೇಕು. ಈ ಕಥೆಯಲ್ಲಿ ಹಾಗೆ ಮಾತನ್ನು ಕೊಂಡವನು ಹುಲಿ. ಇದೊಂದನ್ನು ಮಗು ತಾನಾಗಿ ಕಂಡುಕೊಂಡರೆ, ನಮ್ಮ ಅಭ್ಯಾಸದ ಮುಖ್ಯ ಪ್ರಯೋಜನ ಸಿದ್ಧಿಸಿತೆಂದು ನಾವು ತಿಳಿಯುತ್ತೇವೆ.

ಹಿಂದಿನವರು ನಡೆದ ದಾರಿ

ಪ್ರಾಣಿಯ ಕಡೆಯಿಂದ ಕಥೆ ಹೇಳುವುದು ಹೊಸ ಕಾಲದ ವಿನೋದವೆಂದು ಕೆಲವರು ಭಾವಿಸುವುದುಂಟು. ನಮ್ಮ ಸಾಹಿತ್ಯವನ್ನು ನೋಡಿದರೆ ಈ ಭಾವನೆ ನಿಲ್ಲದು.

ಪುಣ್ಯಕೋಟಿಯ ಕಥೆಗೆ ಹತ್ತಿರದ ಒಂದು ಕಥೆ ಪದ್ಮಪುರಾಣದ ಸೃಷ್ಟಿಖಂಡದಲ್ಲಿದೆ. ಅಲ್ಲಿ ಹಸುವಿನ ಹೆಸರು ನಂದೆ. ಅವಳನ್ನು ಅಡ್ಡಗಟ್ಟಿದ ಹುಲಿಗೆ ಒಂದು ಪೂರ್ವಕಥೆಯುಂಟು. ಅವನು ಹಿಂದೆ ಪ್ರಭಂಜನನೆಂಬ ರಾಜ. ಬೇಟೆಯಲ್ಲಿ ಮರಿಗೆ ಮೊಲೆಯೂಡುತ್ತಿದ್ದ ಜಿಂಕೆಯೊಂದನ್ನು ಬಾಣದಿಂದ ಹೊಡೆದ. ಆ ತಾಯಿಜಿಂಕೆಯ ಶಾಪದಿಂದ ಹುಲಿಯಾದ. ನಂದೆಯ ಸತ್ಯದಿಂದ ಅವನಿಗೆ ಶಾಪವಿಮೋಚನೆಯಾಗುತ್ತದೆ. ಪುರಾಣಕಾರನು ಹುಲಿಯ ಬಾಯಿಗೆ ತನ್ನ ವೃತ್ತಾಂತವನ್ನು ಹೇಳುವ ಅವಕಾಶವನ್ನು ಕೊಟ್ಟಿದ್ದಾನೆ. ಹಾಲೂಡುವ ತಾಯಿಯನ್ನು ಕೊಂದವನು ಹಾಲೂಡಲು ಹೋಗುವ ತಾಯಿಯಿಂದ ಬಿಡುಗಡೆ ಹೊಂದುತ್ತಾನೆ.

ಕನ್ನಡದ ಹಾಡನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ನಮ್ಮ ಅರ್ಬುತನಿಗೆ ಪೂರ್ವಜನ್ಮವಿಲ್ಲ, ಶಾಪವಿಲ್ಲ, ವೇಷ ಬದಲಾದ ರಾಜತನವೂ ಇಲ್ಲ. ಅವನು ಬರಿಯ ಹುಲಿ. ಆದುದರಿಂದ ಅವನ ಕಣ್ಣೀರು ಹುಲಿಯ ಕಣ್ಣೀರೇ. ಮನುಷ್ಯನು ಒಳಗೆ ಅಡಗಿರುವುದರಿಂದ ಕರುಣೆ ಬಂದಿತೆಂದು ಹೇಳುವ ಅನುಕೂಲವನ್ನು ನಮ್ಮ ಜನಪದ ಕವಿ ಬಳಸಿಕೊಳ್ಳಲಿಲ್ಲ. ಇದು ಈ ಹಾಡಿನ ದೊಡ್ಡತನವೆಂದು ನಮಗೆ ತೋರುತ್ತದೆ.

ಕಾಳಿದಾಸನ ರಘುವಂಶದ ಎರಡನೆಯ ಸರ್ಗದಲ್ಲಿ ನಂದಿನಿಯನ್ನು ಹಿಡಿದ ಸಿಂಹ ದಿಲೀಪನೊಡನೆ ವಾದ ಹೂಡುತ್ತದೆ. ತಾನು ಕುಂಭೋದರನೆಂಬ ಶಿವನ ಕಿಂಕರ, ಪಾರ್ವತಿ ಬೆಳೆಸಿದ ದೇವದಾರುವನ್ನು ಕಾಯುವುದು ತನ್ನ ಕೆಲಸ, ಅಲ್ಲಿಗೆ ಬಂದ ಪ್ರಾಣಿಯೇ ತನಗೆ ಗೊತ್ತುಮಾಡಿದ ಆಹಾರ ಎಂದು ತನ್ನ ಪಕ್ಷವನ್ನು ಮಂಡಿಸುತ್ತದೆ. ದಿಲೀಪನು ಆ ಪಕ್ಷವನ್ನು ತಳ್ಳಿಹಾಕದೆ, ಹಸುವಿನ ಬದಲು ತನ್ನ ದೇಹವನ್ನೇ ಒಪ್ಪಿಸಲು ಮುಂದಾಗುತ್ತಾನೆ.

ಕನ್ನಡದಲ್ಲಿ ಜನ್ನನ ಯಶೋಧರ ಚರಿತೆ ೧೨೦೯ರಲ್ಲಿ ರಚಿತವಾಯಿತು. ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ಯಶೋಧರ ಮತ್ತು ಅವನ ತಾಯಿ ಚಂದ್ರಮತಿ ನವಿಲಾಗಿ, ನಾಯಾಗಿ, ಇನ್ನೂ ಹಲವು ಪ್ರಾಣಿಗಳಾಗಿ ಹುಟ್ಟಿ ಸಾಯುತ್ತಾರೆ. ಕಡೆಗೆ ಅಭಯರುಚಿ, ಅಭಯಮತಿಯರೆಂಬ ಅವಳಿ ಮಕ್ಕಳಾಗಿ ಹುಟ್ಟುತ್ತಾರೆ. ತಮ್ಮನ್ನು ಬಲಿಗೊಡಲು ನಿಂತ ಮಾರಿದತ್ತ ರಾಜನಿಗೆ ಆ ಜನ್ಮಗಳ ಕಥೆಯನ್ನು ಅಭಯರುಚಿ ಹೇಳುತ್ತಾನೆ. ಬಲಿಯಾದ ಪ್ರಾಣಿಯೇ ಬಾಯಿಬಿಟ್ಟು ಹೇಳಿದಂತೆ ಆ ಕಥೆ ಇದೆ. ಅದನ್ನು ಕೇಳಿದ ರಾಜನ ಕೈಯಿಂದ ಕತ್ತಿ ಇಳಿಯುತ್ತದೆ.

ಹೊರನಾಡುಗಳಲ್ಲಿಯೂ ಈ ಬಗೆಯ ಕಥನ ಉಂಟು. ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗನು ೧೮೪೨ರಲ್ಲಿ ಪ್ರಕಟಿಸಿದ ಕಿಂದರಿಯವನ ಕಥೆಯಲ್ಲಿ, ನದಿಯಲ್ಲಿ ಮುಳುಗದೆ ಉಳಿದ ಒಂದೇ ಒಂದು ಇಲಿ, ಆ ಊದುವ ಸದ್ದು ತನ್ನ ಕಿವಿಗೆ ಎಂತಹ ತಿಂಡಿಗಳ ಆಸೆ ಹುಟ್ಟಿಸಿತೆಂದು ಇಲಿಗಳ ನಾಡಿಗೆ ಹೋಗಿ ವರದಿ ಮಾಡುತ್ತದೆ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಓದಿದ ನಮ್ಮ ಮಕ್ಕಳಿಗೆ ಈ ಇಲಿಯ ಪ್ರಸಂಗ ಬಹಳ ಹಿಡಿಸುತ್ತದೆ. ಆನಾ ಸೀವೆಲ್ ೧೮೭೭ರಲ್ಲಿ ‘ಬ್ಲ್ಯಾಕ್ ಬ್ಯೂಟಿ’ ಎಂಬ ಕುದುರೆಯ ಆತ್ಮಕಥೆಯನ್ನು ಬರೆದು, ಗಾಡಿಯ ಕುದುರೆಗಳ ಕಷ್ಟವನ್ನು ಜನರು ಕುದುರೆಯ ಮಾತಿನಲ್ಲೇ ಕೇಳುವಂತೆ ಮಾಡಿದಳು. ೧೯೮೯ರಲ್ಲಿ ಅಮೆರಿಕದ ಜಾನ್ ಶೆಸ್ಕಾ ಮೂರು ಹಂದಿಮರಿಗಳ ಕಥೆಯನ್ನು ತೋಳನ ಬಾಯಿಂದ ಹೇಳಿಸಿದನು. ಅಲ್ಲಿ ತೋಳ, ತನಗೆ ನೆಗಡಿಯಾಗಿತ್ತು, ಸೀನಿದ ರಭಸಕ್ಕೆ ಮನೆ ಬಿತ್ತು, ತಾನು ಬಂದದ್ದು ಅಜ್ಜಿಗೆ ಸಿಹಿ ಮಾಡಲು ಸಕ್ಕರೆಯ ಕಡ ಕೇಳಲು ಎಂದು ನೆಪ ಹೇಳುತ್ತದೆ. ನಗು ಬರುವುದು ನಮಗೆ ಅದರ ಮಾತಿನಲ್ಲಿ ನಂಬಿಕೆ ಹುಟ್ಟದಿರುವುದರಿಂದ.

ಈ ಕೊನೆಯ ಮಾದರಿ ಈಗ ಬಹಳ ಪ್ರಚಾರದಲ್ಲಿದೆ. ಅದು ಅರ್ಬುತನಿಗೆ ಹೊಂದುವುದಿಲ್ಲ. ತೋಳನಿಗೆ ಮುಚ್ಚಿಡಬೇಕಾದ ಸಂಗತಿ ಇದೆ; ಅರ್ಬುತನಿಗೆ ಇಲ್ಲ. ತಾನು ಹಸಿದಿದ್ದೆ, ತಿನ್ನಲು ಹೊರಟಿದ್ದೆ ಎಂದು ಅವನು ಹಾಡಿನಲ್ಲೇ ಬಿಚ್ಚಿ ಹೇಳಿದ್ದಾನೆ. ಹುಲಿಯನ್ನು ಪಾಪದ ಪ್ರಾಣಿಯಾಗಿಯೂ ಹಸುವನ್ನು ಬುದ್ಧಿಯಿಲ್ಲದವಳಾಗಿಯೂ ತಿರುಗಿಸಿ ಬರೆದರೆ ಅದು ಬೇರೊಂದು ಕಥೆಯಾಗುತ್ತದೆ. ನಡೆದ ಸಂಗತಿಗಳಲ್ಲಿ ಒಂದನ್ನೂ ಕದಲಿಸದೆ, ನೋಡುವ ಕಣ್ಣನ್ನು ಮಾತ್ರ ಬದಲಿಸಬೇಕೆಂಬುದು ನಮ್ಮ ಮೊದಲನೆಯ ನಿಯಮ.

ಹುಲಿಗೆ ಏನು ಗೊತ್ತು, ಏನು ಗೊತ್ತಿಲ್ಲ

ಎರಡನೆಯ ನಿಯಮ, ಹುಲಿಗೆ ತಿಳಿಯಲಾರದುದನ್ನು ಹುಲಿ ಹೇಳಕೂಡದು. ಈ ನಿಯಮ ಹಾಕಿದೊಡನೆ ತರಗತಿ ಚುರುಕಾಗುತ್ತದೆ. ಕರುವಿಗೂ ತಾಯಿಗೂ ನಡೆದ ಮಾತು ಹುಲಿಗೆ ಗೊತ್ತೆ? ಗೊತ್ತಿಲ್ಲ, ಅದು ದೊಡ್ಡಿಯಲ್ಲಿ ನಡೆಯಿತು. ಹಾಡಿನಲ್ಲಿ ನಮ್ಮ ಕಣ್ಣಲ್ಲಿ ನೀರು ತರಿಸುವ ಭಾಗವೇ ಹುಲಿಯ ಕಥೆಯಿಂದ ಬಿಟ್ಟುಹೋಗುತ್ತದೆ. ಆ ಹೊತ್ತಿನಲ್ಲಿ ಹುಲಿಗೆ ಉಳಿದದ್ದು ಕಾಯುವುದೊಂದೇ. ಹಾಡು ಹೇಳದೆ ಬಿಟ್ಟ ಆ ಕಾಯುವಿಕೆಯನ್ನು ಮಗು ತುಂಬಬೇಕು. ಹಸುವಿನ ಹೆಸರು ಹುಲಿಗೆ ಗೊತ್ತೆ? ಗೊಲ್ಲನು ಕೂಗಿದ್ದನ್ನು ಕೇಳಿದ್ದರೆ ಗೊತ್ತು. ಕಾಳಿಂಗನ ಕೊಳಲು ಅದಕ್ಕೆ ಇಂಪೋ, ಮಂದೆ ಬಂದಿತೆಂಬ ಸೂಚನೆಯೋ? ಹೀಗೆ ಒಂದೊಂದು ಪ್ರಶ್ನೆಯೂ ಒಂದೊಂದು ಕನ್ನಡ ವಾಕ್ಯವನ್ನು ಹುಟ್ಟಿಸುತ್ತದೆ.

ಇಲ್ಲಿ ಪ್ರಕೃತಿವಿಜ್ಞಾನದ ಉಪಾಧ್ಯಾಯರ ನೆರವು ಪಡೆಯಬೇಕು. ಹುಲಿ ಹೊಂಚು ಹಾಕಿ ಹಿಡಿಯುವ ಪ್ರಾಣಿ; ಬಹಳ ದೂರ ಅಟ್ಟಿಸಿಕೊಂಡು ಓಡಲಾರದು. ಅದರ ಪ್ರಯತ್ನಗಳಲ್ಲಿ ಫಲಿಸುವುದಕ್ಕಿಂತ ತಪ್ಪುವುದೇ ಹೆಚ್ಚು. ನಾಗರಹೊಳೆಯಲ್ಲಿ ಹುಲಿಗಳನ್ನು ದೀರ್ಘಕಾಲ ಅಭ್ಯಾಸ ಮಾಡಿದ ಕೆ. ಉಲ್ಲಾಸ ಕಾರಂತರು, ಒಂದು ಹುಲಿ ಬದುಕಲು ವರ್ಷಕ್ಕೆ ಸುಮಾರು ೫೦ ದೊಡ್ಡ ಬೇಟೆಪ್ರಾಣಿಗಳು ಬೇಕೆಂದು ಲೆಕ್ಕ ಹಾಕಿದ್ದಾರೆ. ಅಂದರೆ ಹೆಚ್ಚುಕಡಿಮೆ ವಾರಕ್ಕೊಂದು. ಅದರ ಹಲ್ಲು, ಅದರ ಕರುಳು ಮಾಂಸಕ್ಕೇ ಹೊಂದಿದುವು; ಹುಲ್ಲು ಹಣ್ಣುಗಳಿಂದ ಅದು ಬದುಕಲಾರದು. ಇಷ್ಟು ತಿಳಿದ ಮಗುವಿಗೆ ಅರ್ಬುತನ ಹಸಿವು ದುಷ್ಟತನವಾಗಿ ಕಾಣುವುದಿಲ್ಲ.

ಸ್ಥಳವೂ ಮಗುವಿಗೆ ಪರಿಚಿತವಾಗಿರಬೇಕು. ಹಾಡಿನ ಬೆಟ್ಟ ಎಲ್ಲಿಯದಾದರೂ ಆಗಲಿ, ಏರ್ಕಾಡಿನ ಮಗು ಅದನ್ನು ಸೇರ್ವರಾಯನ್ ಬೆಟ್ಟದ ಮೇಲೆ ಕಂಡರೆ ತಪ್ಪೇನೂ ಇಲ್ಲ. ಸೇಲಂ ಪಟ್ಟಣದಿಂದ ೨೦ ಕಡಿದಾದ ತಿರುವುಗಳನ್ನು ಹತ್ತಿ ಬಂದರೆ, ಸಮುದ್ರಮಟ್ಟದಿಂದ ಸುಮಾರು ೧,೫೦೦ ಮೀಟರ್ ಎತ್ತರದಲ್ಲಿ ಈ ಊರು. ಊರಿನ ಹೆಸರಲ್ಲೇ ಕೆರೆಯೂ ಕಾಡೂ ಇವೆ. ತಮಿಳಿನಲ್ಲಿ ‘ಏರಿ’ ಎಂದರೆ ಕೆರೆ. ನಮ್ಮ ಕನ್ನಡದಲ್ಲಿ ‘ಏರಿ’ ಎಂದರೆ ಕೆರೆಯ ಕಟ್ಟೆ. ಒಂದೇ ಮಾತು ಒಂದು ನುಡಿಯಲ್ಲಿ ನೀರಿಗೂ ಇನ್ನೊಂದರಲ್ಲಿ ನೀರು ತಡೆಯುವ ದಂಡೆಗೂ ಸಂದಿದೆ ಎಂಬುದನ್ನು ಮಕ್ಕಳಿಗೆ ಹೇಳಿದರೆ ಎರಡು ನುಡಿಗಳ ನೆಂಟು ತಿಳಿಯುತ್ತದೆ. ಬೆಟ್ಟದ ನೆತ್ತಿಯಲ್ಲಿ ಸೇರ್ವರಾಯನ ಗುಹಾಲಯವಿದೆ. ಅಲ್ಲಿ ದೇವರ ಜೊತೆಯಲ್ಲಿ ಕಾವೇರಿಯಮ್ಮನೂ ಇದ್ದಾಳೆ. ತಮಿಳಾಡುವ ಮಲೆಯಾಳಿ ಎಂಬ ಬೆಟ್ಟದ ಜನ ಮೇ ತಿಂಗಳಲ್ಲಿ ಅಲ್ಲಿ ಜಾತ್ರೆ ನಡೆಸುತ್ತಾರೆ. ಕರಡಿಗವಿ ಎಂದು ಕರೆಯುವ ಇನ್ನೊಂದು ಗವಿಯೂ ಊರಿನ ಬಳಿ ಇದೆ. ಗವಿ, ಮಂಜು, ಬಂಡೆ, ಕೆಳಗಿನ ತಪ್ಪಲಿನಲ್ಲಿ ಮೇಯುವ ದನ, ಇವೆಲ್ಲ ಮಗು ಕಣ್ಣಾರೆ ಕಂಡವು. ಇಂದಿನ ಮಗು ಈ ಬೆಟ್ಟದಲ್ಲಿ ಕಾಟಿಯನ್ನು ಕಂಡಿರಬಹುದು, ಹುಲಿಯನ್ನು ಕಂಡಿರದು.

ಆದರೆ ಹಳೆಯ ಸೇಲಂ ಜಿಲ್ಲೆಗೆ ಹುಲಿ ಹೊಸದಲ್ಲ. ೧೯೬೫ರಲ್ಲಿ ಧರ್ಮಪುರಿ ಜಿಲ್ಲೆಯೂ, ಅದರಿಂದ ೨೦೦೪ರಲ್ಲಿ ಕೃಷ್ಣಗಿರಿ ಜಿಲ್ಲೆಯೂ ಬೇರ್ಪಡುವುದಕ್ಕೆ ಮೊದಲು ಹೊಸೂರು, ಡೆಂಕಣಿಕೋಟೆಯ ಕಾಡುಗಳೆಲ್ಲ ಸೇಲಂ ಜಿಲ್ಲೆಗೇ ಸೇರಿದ್ದವು. ಬೆಂಗಳೂರಿನಲ್ಲಿ ನೆಲೆಸಿದ್ದ ಕೆನೆತ್ ಆಂಡರ್ಸನ್ನರು ೧೯೫೪ರಲ್ಲಿ ಪ್ರಕಟಿಸಿದ ಬೇಟೆಯ ಪುಸ್ತಕದಲ್ಲಿ ಜವಳಗಿರಿಯ ನರಭಕ್ಷಕ ಹೆಣ್ಣುಹುಲಿಯ ವೃತ್ತಾಂತವಿದೆ. ಆ ಹುಲಿ ಹುಟ್ಟಿನಿಂದ ನರಭಕ್ಷಕವಾಗಿರಲಿಲ್ಲ. ಅದರ ಜೊತೆಯ ಗಂಡುಹುಲಿ ಕಳ್ಳಬೇಟೆಯವರ ಗುಂಡಿಗೆ ಬಲಿಯಾಯಿತು. ಸಂಗಾತಿಯನ್ನು ಅರಸಿ ಕೂಗುತ್ತಿದ್ದ ಹೆಣ್ಣಿಗೆ ಇನ್ನೊಂದು ಗುಂಡು ತಗುಲಿ ಗಾಯವಾಯಿತು. ಆಮೇಲೆ ಅದು ಮನುಷ್ಯರ ಮೇಲೆ ತಿರುಗಿತು. ಹುಲಿಯನ್ನು ಕೊಂದ ಬೇಟೆಗಾರನೇ ಹುಲಿಯ ಪಕ್ಷವನ್ನು ಇಷ್ಟು ಪ್ರಾಮಾಣಿಕವಾಗಿ ದಾಖಲಿಸಿದುದು ಗಮನಾರ್ಹ. ಪೂರ್ಣಚಂದ್ರ ತೇಜಸ್ವಿಯವರು ಆಂಡರ್ಸನ್ನರ ಕಥೆಗಳನ್ನು ಕನ್ನಡಕ್ಕೆ ತಂದಿರುವುದರಿಂದ ಅವು ಮೇಲಿನ ತರಗತಿಯ ಮಕ್ಕಳ ಕೈಗೆ ಕೊಡಲು ಯೋಗ್ಯವಾಗಿವೆ.

ಸತ್ತವನು ಕಥೆ ಹೇಳುವುದೆಂತು?

ಚುರುಕಾದ ಮಗು ಇಲ್ಲಿ ಒಂದು ಆಕ್ಷೇಪ ಎತ್ತುತ್ತದೆ. ‘ಸಾರ್, ಕಡೆಗೆ ಹುಲಿ ಸತ್ತುಹೋಯಿತಲ್ಲ, ಅದು ಹೇಗೆ ಕಥೆ ಹೇಳುತ್ತದೆ?’ ಈ ಪ್ರಶ್ನೆಯನ್ನು ಗದರಿಸಿ ಕೂರಿಸಬಾರದು. ನಿರೂಪಣೆಯ ಬಹುದೊಡ್ಡ ಸಮಸ್ಯೆಯೊಂದನ್ನು ಮಗು ತಾನಾಗಿ ಮುಟ್ಟಿದೆ. ಇದಕ್ಕೆ ಮೂರು ಪರಿಹಾರಗಳನ್ನು ನಾವು ತೋರಿಸುತ್ತೇವೆ. ಒಂದು, ಜನ್ನನ ದಾರಿ. ಮುಂದಿನ ಜನ್ಮದಲ್ಲಿ ನಿಂತು ಹಿಂದಿನದನ್ನು ನೆನೆಯುವುದು. ಎರಡು, ಹುಲಿ ಬಂಡೆಯ ಅಂಚಿಗೆ ಬರುವವರೆಗೆ ಮಾತ್ರ ಹೇಳಿ ಅಲ್ಲಿಯೇ ನಿಲ್ಲಿಸುವುದು. ಮೂರು, ಕೊನೆಯ ಭಾಗವನ್ನು ಕಂಡವರ ಬಾಯಿಂದ ಹೇಳಿಸುವುದು. ಅಲ್ಲಿ ನಿಂತು ಕಂಡವಳು ಪುಣ್ಯಕೋಟಿಯೊಬ್ಬಳೇ. ಹೆಚ್ಚಿನ ಮಕ್ಕಳು ಎರಡನೆಯದನ್ನು ಆರಿಸುತ್ತಾರೆ. ಕೆಲವರು ಮೂರನೆಯದನ್ನು ಹಿಡಿದು, ಹುಲಿ ಆರಂಭಿಸಿದ ಕಥೆಯನ್ನು ಹಸು ಮುಗಿಸುವಂತೆ ಬರೆಯುತ್ತಾರೆ. ಅದು ಬಹಳ ಚೆನ್ನಾಗಿ ಒಪ್ಪುತ್ತದೆ.

ಮಕ್ಕಳಿಗೆ ಮಾದರಿಯಾಗಿ ನಾವು ತರಗತಿಯಲ್ಲಿ ಓದಿ ಹೇಳುವ ಒಂದು ಭಾಗ ಹೀಗಿದೆ:

‘ಮಂಜು ಇಳಿದಿತ್ತು. ಕಣಿವೆಯಲ್ಲಿ ಏನೂ ಕಾಣುತ್ತಿರಲಿಲ್ಲ. ಕೊರಳಗಂಟೆಯ ಸದ್ದು ಮಾತ್ರ ಮೇಲೇರಿ ಬರುತ್ತಿತ್ತು. ಮೊನ್ನೆ ಕಡವೆ ತಪ್ಪಿತು, ನಿನ್ನೆ ಹಂದಿ ತಪ್ಪಿತು. ಇಂದು ಮಂದೆಯೆಲ್ಲ ಚದುರಿದ ಮೇಲೆ ಒಂದು ಹಸು ತಾನಾಗಿ ನನ್ನ ದಾರಿಗೆ ಬಂದಿತು. ಅದರ ಮೈಯಿಂದ ಹಾಲಿನ ವಾಸನೆ ಬಂತು. ಅಡ್ಡ ನಿಂತೆ. ಓಡಲಿಲ್ಲ, ಮಾತಾಡಿತು. ಮನೆಯಲ್ಲಿ ಕರು ಕಾದಿದೆ ಎಂದಿತು. ಬರುತ್ತೇನೆ ಎಂದಿತು. ನಾನು ಎಷ್ಟೋ ಪ್ರಾಣಿಗಳ ಕೂಗು ಕೇಳಿದ್ದೇನೆ. ಬರುತ್ತೇನೆ ಎಂದು ಹೇಳಿದ ಪ್ರಾಣಿ ಇದೇ ಮೊದಲು. ಹೋಗು ಎಂದೆ. ಹೊಟ್ಟೆ ನನ್ನನ್ನು ಬೈಯಿತು. ಗವಿಯ ಮುಂದೆ ಕುಳಿತೆ. ಕಾಯುವುದು ನನಗೆ ಹೊಸದಲ್ಲ. ಬೇಟೆಗಾಗಿ ಇಡೀ ರಾತ್ರಿ ಕಾದವನು ನಾನು. ಒಂದು ಮಾತಿಗಾಗಿ ಕಾದದ್ದು ಅಂದೇ. ಬಾರದಿದ್ದರೆ ಹಸಿವು ಉಳಿಯುತ್ತದೆ. ಬಂದರೆ ಏನಾಗುತ್ತದೆಂದು ನಾನು ಯೋಚಿಸಿರಲಿಲ್ಲ. ಆಗ ಗಂಟೆಯ ಸದ್ದು ಮತ್ತೆ ಕೇಳಿತು. ಒಂದೇ ಗಂಟೆ. ಮೇಲಕ್ಕೆ ಬರುತ್ತಿತ್ತು.’

ವಾಕ್ಯಗಳು ಚಿಕ್ಕವಾಗಿರುವುದನ್ನು ವಾಚಕರು ಗಮನಿಸಬೇಕು. ಇದು ಮಕ್ಕಳ ಕೈಗೆ ಎಟಕುವ ಗದ್ಯ. ಇದನ್ನು ಓದಿ ಹೇಳಿದ ಮೇಲೆ ಪುಸ್ತಕ ಮುಚ್ಚಿಸಿ, ‘ಹಸು ಎದುರಿಗೆ ಬಂದು ನಿಂತಿತು, ಮುಂದೆ ಬರೆಯಿರಿ’ ಎನ್ನುತ್ತೇವೆ.

ಪಾಠದ ಕ್ರಮ

ನಾಲ್ಕು ಅವಧಿಗಳಲ್ಲಿ ಈ ಪಾಠ ಮುಗಿಯುತ್ತದೆ. ಮೊದಲನೆಯ ಅವಧಿಯಲ್ಲಿ ಹಾಡನ್ನು ಪೂರ್ತಿಯಾಗಿ ಹಾಡಿಸಬೇಕು. ಹಾಡಿನ ಪರಿಚಯವಿಲ್ಲದೆ ಮರುಕಥನಕ್ಕೆ ಕೈಹಾಕುವುದು ಬೇರಿಲ್ಲದ ಗಿಡಕ್ಕೆ ನೀರೆರೆದಂತೆ. ಎರಡನೆಯ ಅವಧಿಯಲ್ಲಿ ಕಪ್ಪು ಹಲಗೆಯ ಮೇಲೆ ಎರಡು ಸಾಲು ಮಾಡಿ, ‘ಹುಲಿ ಕಂಡದ್ದು ಕೇಳಿದ್ದು’ ಒಂದು ಕಡೆ, ‘ಹುಲಿಗೆ ತಿಳಿಯದ್ದು’ ಇನ್ನೊಂದು ಕಡೆ ಬರೆಸಬೇಕು. ಮೂರನೆಯದರಲ್ಲಿ ಬಾಯಿಮಾತಿನಲ್ಲಿ ಕಥನ. ತಡವರಿಸುವ ಮಗು ನಡುವೆ ತಮಿಳು ಮಾತು ತಂದರೆ ತಡೆಯಬಾರದು; ಕಥೆ ಮುಗಿದ ಮೇಲೆ ಅದಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆಂದು ತರಗತಿಯನ್ನೇ ಕೇಳಬೇಕು. ಮನೆಯ ಅಜ್ಜಿ ಅಜ್ಜಂದಿರನ್ನು ಕೇಳಿ ಬರಲು ಹೇಳಿದರೆ ಇನ್ನೂ ಲೇಸು. ಮರೆತುಹೋಗುತ್ತಿರುವ ಎಷ್ಟೋ ಮಾತುಗಳು ಆ ನೆಪದಲ್ಲಿ ಮತ್ತೆ ಬಳಕೆಗೆ ಬರುತ್ತವೆ. ನಾಲ್ಕನೆಯ ಅವಧಿಯಲ್ಲಿ ಬರವಣಿಗೆ.

ತಮಿಳು ಮನೆಗಳ ಸಹಪಾಠಿಗಳನ್ನೂ ಇದರಲ್ಲಿ ಸೇರಿಸಿಕೊಳ್ಳುವುದು ಉಚಿತ. ಅವರಿಗೆ ಮನುನೀತಿಚೋಳನ ಕಥೆ ಬರುತ್ತದೆ. ತಿರುವಾರೂರಿನಲ್ಲಿ ರಾಜಕುಮಾರನ ರಥದ ಗಾಲಿಗೆ ಸಿಕ್ಕಿ ಕರು ಸತ್ತಾಗ, ತಾಯಿಹಸು ಅರಮನೆಯ ನ್ಯಾಯಗಂಟೆಯನ್ನು ಎಳೆಯಿತು. ಅರಸನು ತನ್ನ ಮಗನನ್ನೇ ಅದೇ ಶಿಕ್ಷೆಗೆ ಒಪ್ಪಿಸಿದನು. ಅಲ್ಲಿ ಹಸು ನ್ಯಾಯ ಕೇಳುತ್ತದೆ, ಇಲ್ಲಿ ಹಸು ಮಾತು ಉಳಿಸಿಕೊಳ್ಳುತ್ತದೆ. ಕನ್ನಡದ ಮಗು ಪುಣ್ಯಕೋಟಿಯನ್ನು ಗೆಳೆಯನಿಗೆ ಹೇಳಿ, ಗೆಳೆಯನಿಂದ ಚೋಳನ ಹಸುವಿನ ಕಥೆಯನ್ನು ಪಡೆದರೆ, ತನ್ನ ಮನೆಯ ಮಾತಿನಲ್ಲಿ ಇತರರಿಗೆ ಕೊಡತಕ್ಕ ವಸ್ತುವಿದೆ ಎಂಬ ಅಭಿಮಾನ ಅದಕ್ಕೆ ಹುಟ್ಟುತ್ತದೆ. ಗಡಿನಾಡಿನ ಮಗುವಿಗೆ ಬೇಕಾದುದು ಆ ಅಭಿಮಾನ; ಜಗಳದ ಅಭಿಮಾನ ಬೇಡ.

ಹುಲಿ ಸಾಯಲೇಬೇಕಿತ್ತೆ?

ಪಾಠದ ಕೊನೆಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಉಪಾಧ್ಯಾಯನು ಸಿದ್ಧನಾಗಿರಬೇಕು. ‘ಬೇರೆ ಜಿಂಕೆ ಹಿಡಿದು ತಿನ್ನಬಹುದಿತ್ತಲ್ಲ?’ ಎಂದು ಮಗು ಕೇಳುತ್ತದೆ. ನಮ್ಮ ತರಗತಿಯಲ್ಲಿ ಈ ಮಾತಿಗೆ ಇನ್ನೊಂದು ಮಗುವೇ ಉತ್ತರ ಕೊಟ್ಟಿತು: ‘ಆ ಜಿಂಕೆಗೂ ಮರಿ ಇದ್ದರೆ?’ ಹುಲಿಯ ಕಡೆ ನಿಂತು ಎರಡು ದಿನ ಕಥೆ ಹೇಳಿದ ಮಗುವಿಗೆ ಮಾತ್ರ ಹೊಳೆಯುವ ಉತ್ತರ ಇದು. ಅಲ್ಲಿಯವರೆಗೆ ಹುಲಿಗೆ ಬೇಟೆ ಎಂದರೆ ಮಾಂಸ. ಮನೆಯಲ್ಲಿ ಕಾದಿರುವ ಕರುವಿನ ಸಂಗತಿ ಕಿವಿಗೆ ಬಿದ್ದ ಮೇಲೆ, ಪ್ರತಿಯೊಂದು ಬೇಟೆಯೂ ಯಾರದೋ ತಾಯಿ, ಯಾರದೋ ಮಗು. ಹೀಗೆ ತಿಳಿದುಕೊಂಡ ಹುಲಿ ಹಿಂದಿನ ಹುಲಿಯಾಗಿ ಬದುಕಲಾರದು. ಹುಲ್ಲು ತಿಂದು ಬದುಕುವ ಹೊಟ್ಟೆಯೂ ಅದಕ್ಕಿಲ್ಲ. ಹಾಡಿನ ಹುಲಿಯ ಸಾವನ್ನು ಹಸುವಿನ ಕಡೆಯಿಂದ ನೋಡಿದರೆ ಅದು ಪವಾಡದಂತೆ ತೋರುತ್ತದೆ. ಹುಲಿಯ ಕಡೆಯಿಂದ ನೋಡಿದಾಗ ಅದಕ್ಕೆ ಕಾರಣವಿದೆ.

ಆದರೆ ಇಲ್ಲಿಗೆ ನಿಲ್ಲಿಸಿದರೆ ಮಗುವಿನ ಮನಸ್ಸಿನಲ್ಲಿ ಒಂದು ಅಪಾಯ ಉಳಿಯುತ್ತದೆ. ಒಳ್ಳೆಯ ಹುಲಿ ಎಂದರೆ ಸತ್ತ ಹುಲಿ ಎಂದು ಅದು ಭಾವಿಸಬಹುದು. ಹಾಡು ಹುಟ್ಟಿದ ಕಾಲದಲ್ಲಿ ಹುಲಿ ಗೊಲ್ಲರ ನಿತ್ಯದ ಭಯವಾಗಿತ್ತು. ಇಂದು ಸ್ಥಿತಿ ಬೇರೆ. ಹುಲಿ ಅಳಿಯುವ ಅಂಚಿಗೆ ಬಂದುದರಿಂದ ೧೯೭೩ರಲ್ಲಿ ಭಾರತ ಸರ್ಕಾರ ಹುಲಿ ಯೋಜನೆಯನ್ನು ಆರಂಭಿಸಬೇಕಾಯಿತು. ಕನ್ನಡದ ಮನೆಗಳು ಬಹಳವಾಗಿರುವ ತಾಳವಾಡಿಯ ಸುತ್ತಿನ ಸತ್ಯಮಂಗಲದ ಕಾಡು ೨೦೧೩ರಲ್ಲಿ ಹುಲಿ ರಕ್ಷಿತಾರಣ್ಯವಾಯಿತು. ನಮ್ಮ ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಲ್ಲಿ ೨೦೧೪ರಲ್ಲಿ ಉತ್ತರ ಕಾವೇರಿ, ೨೦೨೨ರಲ್ಲಿ ದಕ್ಷಿಣ ಕಾವೇರಿ ವನ್ಯಜೀವಿಧಾಮಗಳು ಏರ್ಪಟ್ಟವು. ಕಾಡಿನ ಹುಲಿ ಜಿಂಕೆಯನ್ನು ತಿನ್ನುವುದು ಪಾಪವಲ್ಲ. ಅದರ ಬದುಕು ಅದು, ಕಾಡಿನ ಸಮತೋಲಕ್ಕೆ ಅದು ಬೇಕು. ಹಾಡಿನ ಹುಲಿ ಮನುಷ್ಯರಾದ ನಮಗೆ ಹೇಳುವ ಮಾತು ಬೇರೆ, ಕಾಡಿನ ಹುಲಿಯಿಂದ ನಾವು ತಿಳಿಯಬೇಕಾದುದು ಬೇರೆ. ಈ ಎರಡನ್ನೂ ಒಂದೇ ಅವಧಿಯಲ್ಲಿ ಬೇರ್ಪಡಿಸಿ ಹೇಳಿಯೇ ತರಗತಿಯಿಂದ ಹೊರಬರಬೇಕು.

ಹಿರಿಯರಲ್ಲಿ ಕೆಲವರು, ಪೂಜ್ಯವಾದ ಹಾಡನ್ನು ಹೀಗೆ ತಿರುಗಿಸಿ ಹೇಳುವುದು ಸಲ್ಲದೆಂದು ಶಂಕಿಸಬಹುದು. ಹಾಡಿನ ಒಂದಕ್ಷರವನ್ನೂ ನಾವು ಕದಲಿಸುತ್ತಿಲ್ಲವೆಂಬುದು ಅವರಿಗೆ ನಮ್ಮ ವಿನಯಪೂರ್ವಕವಾದ ಉತ್ತರ. ಪುಣ್ಯಕೋಟಿಯ ಹಿರಿಮೆಯೂ ಇದರಿಂದ ಕುಗ್ಗುವುದಿಲ್ಲ. ತನ್ನನ್ನು ನಂಬಿದ ಶತ್ರುವಿನ ಬಳಿಗೆ ಅವಳು ಮರಳಿ ಹೋದಳು. ನಂಬದವನ ಬಳಿಗೆ ಹೋದುದಕ್ಕಿಂತ ಇದು ಹೆಚ್ಚಿನದೇ. ಹಾಡಿನ ವಿಸ್ತಾರವಾದ ಪಾಠದಲ್ಲಿ ಪುಣ್ಯಕೋಟಿ ಮರಳಿ ಬಂದು ಸಂಕ್ರಾಂತಿಯ ಆಚರಣೆಯನ್ನು ಗೊಲ್ಲನಿಗೆ ತಿಳಿಸುವ ಭಾಗವಿದೆ. ನಮ್ಮ ಜಿಲ್ಲೆಗಳಲ್ಲಿ ಪೊಂಗಲಿನ ಮರುದಿನ ಮಾಟ್ಟುಪ್ಪೊಂಗಲ್ ಎಂದು ದನಗಳನ್ನು ತೊಳೆದು, ಕೋಡಿಗೆ ಬಣ್ಣ ಬಳಿದು, ಪೂಜಿಸುತ್ತಾರೆ. ಆ ವಾರದಲ್ಲಿ ಈ ಪಾಠವನ್ನು ಇಟ್ಟುಕೊಂಡರೆ ಕನ್ನಡದ ಮಗುವಿಗೂ ತಮಿಳಿನ ಮಗುವಿಗೂ ಸಮಾನವಾಗಿ ಒಗ್ಗುತ್ತದೆ. ಉಪಾಧ್ಯಾಯ ಬಂಧುಗಳು ತಮ್ಮ ತಮ್ಮ ಶಾಲೆಗಳಲ್ಲಿ ಇದನ್ನು ನಡೆಸಿ ನೋಡಿ, ಮಕ್ಕಳು ಬರೆದುದನ್ನು ಕೂಡಿಟ್ಟರೆ, ಗಡಿನಾಡಿನ ಕನ್ನಡ ಇಂದು ಯಾವ ಸ್ಥಿತಿಯಲ್ಲಿದೆ ಎಂಬುದಕ್ಕೆ ಅದೇ ಒಂದು ನಂಬತಕ್ಕ ದಾಖಲೆಯಾಗುತ್ತದೆ.